ಬಣ್ಣ ನೋಡುವ ನಾಡಿನಲ್ಲಿ ಮನೆ ಹುಡುಕುವುದು: ಅಮೆರಿಕದ ಕಪ್ಪು ವರ್ಣೀಯ ವೃತ್ತಿಪರರಿಗೊಂದು ಮಾರ್ಗದರ್ಶಿ

ಅಮೆರಿಕದ ಯಾವುದೋ ಊರಿನಲ್ಲಿ ಕೆಲಸ ಸಿಕ್ಕಿತೆಂದರೆ ನಮ್ಮವರು ಮೊದಲು ವಿಚಾರಿಸುವುದು ಬಾಡಿಗೆ, ಶಾಲೆ, ಆಫೀಸಿನ ದೂರ, ಹತ್ತಿರದಲ್ಲಿ ದೇವಸ್ಥಾನವೋ ಇಂಡಿಯನ್ ಅಂಗಡಿಯೋ ಇದೆಯೇ ಎಂಬುದನ್ನು. ಅಂಥದೇ ನೇಮಕಾತಿ ಪತ್ರ ಕಪ್ಪು ವರ್ಣೀಯ ಇಂಜಿನಿಯರರ ಅಥವಾ ವೈದ್ಯೆಯೊಬ್ಬರ ಕೈಗೆ ಬಂದಾಗ ಬೇರೊಂದು ವಿಚಾರಣೆಯೂ ಸೇರಿಕೊಳ್ಳುತ್ತದೆ: ಆ ಬೀದಿಯಲ್ಲಿ ಸಂಜೆ ಓಡಲು ಹೋದರೆ ಯಾರಾದರೂ ಪೊಲೀಸರಿಗೆ ಫೋನ್ ಮಾಡುತ್ತಾರೆಯೇ, ಮಗನನ್ನು ಶಾಲೆಯಲ್ಲಿ ಸಣ್ಣ ತಪ್ಪಿಗೂ ಅಮಾನತು ಮಾಡುತ್ತಾರೆಯೇ, ಮನೆ ಮಾರುವ ಕಾಲಕ್ಕೆ ಅದರ ಬೆಲೆ ಮಾಲೀಕರ ಬಣ್ಣ ನೋಡಿ ಇಳಿಯುತ್ತದೆಯೇ. ವಿದ್ಯೆ, ಹುದ್ದೆ, ಸಂಬಳಗಳಿಂದ ಈ ಆತಂಕ ಕಳೆಯುವುದಿಲ್ಲ. ದೇಶದ ಹೆಸರಾಂತ ರಸಾಯನ ವಿಜ್ಞಾನಿಯಾಗಿದ್ದ ಪರ್ಸಿ ಜೂಲಿಯನ್ 1950ರಲ್ಲಿ ಶಿಕಾಗೊ ಪಕ್ಕದ ಓಕ್ ಪಾರ್ಕ್‌ನಲ್ಲಿ ಮನೆ ಕೊಂಡಾಗ ಅದಕ್ಕೆ ಬೆಂಕಿ ಹಚ್ಚುವ ಯತ್ನ ನಡೆಯಿತು; ಮರುವರ್ಷ ಡೈನಮೈಟ್ ಎಸೆಯಲಾಯಿತು. 2009ರ ಜುಲೈನಲ್ಲಿ ಹಾರ್ವರ್ಡ್ ಪ್ರಾಧ್ಯಾಪಕ ಹೆನ್ರಿ ಲೂಯಿಸ್ ಗೇಟ್ಸ್ ಅವರನ್ನು ಕೇಂಬ್ರಿಜ್‌ನಲ್ಲಿರುವ ಅವರದೇ ಮನೆಯ ಜಗಲಿಯಲ್ಲಿ ಪೊಲೀಸರು ಬಂಧಿಸಿದರು. ಕೆಲವೇ ದಿನಗಳಲ್ಲಿ ಆರೋಪವನ್ನು ಕೈಬಿಡಲಾಯಿತಾದರೂ, ಆಗಬೇಕಾದ ಅವಮಾನ ಆಗಿಹೋಗಿತ್ತು.

ಈ ಬರಹ ಅಂಥ ವೃತ್ತಿಪರರನ್ನು ಉದ್ದೇಶಿಸಿದ್ದು. ಕನ್ನಡದಲ್ಲಿ ಇದರ ಅಗತ್ಯವಿದೆ, ಏಕೆಂದರೆ ಅಮೆರಿಕದ ಕನ್ನಡ ಕುಟುಂಬಗಳಲ್ಲಿ ಈಗ ಕಪ್ಪು ವರ್ಣೀಯ ಅಳಿಯಂದಿರೂ ಸೊಸೆಯಂದಿರೂ ಮೊಮ್ಮಕ್ಕಳೂ ಇದ್ದಾರೆ. ಅಲ್ಲದೆ ಅಲ್ಲಿ ಮ್ಯಾನೇಜರಾಗಿ ಜನರನ್ನು ಬೇರೆ ಊರಿನಿಂದ ಕರೆಸಿಕೊಳ್ಳುವ, ಮನೆಯನ್ನು ಬಾಡಿಗೆಗೆ ಕೊಡುವ, ರಿಯಲ್ ಎಸ್ಟೇಟ್ ಏಜೆಂಟರಾಗಿ ದುಡಿಯುವ ಕನ್ನಡಿಗರಿಗೂ ಈ ವಿಚಾರ ಸಂಬಂಧಪಟ್ಟದ್ದೇ. ಒಂದು ಊರಿನ ಹೆಸರನ್ನೂ ಅದರ ರಾಜಕೀಯ ಒಲವನ್ನೂ ನಂಬಿ ನಿರ್ಧರಿಸುವುದಕ್ಕಿಂತ, ಅಲ್ಲಿನ ಪೊಲೀಸರು, ಶಾಲೆ, ಬ್ಯಾಂಕು, ಆಸ್ಪತ್ರೆಗಳು ಕಪ್ಪು ಜನರೊಡನೆ ನಡೆದುಕೊಂಡ ರೀತಿಯ ದಾಖಲೆಯನ್ನು ನೋಡಿ ನಿರ್ಧರಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಆ ದಾಖಲೆಗಳಲ್ಲಿ ಬಹುಪಾಲು ಸಾರ್ವಜನಿಕವಾಗಿ, ಉಚಿತವಾಗಿ ಸಿಗುತ್ತವೆ.

ಮೊದಲು ಮನೆಯೊಳಗೆ ಇತ್ಯರ್ಥವಾಗಬೇಕಾದದ್ದು

ಮನೆ ಹುಡುಕುವ ಮುನ್ನ, ಎಂಥ ನೆರೆಹೊರೆ ಬೇಕು ಎಂಬುದನ್ನು ಕುಟುಂಬದವರೆಲ್ಲ ಕೂತು ಮಾತಾಡಿಕೊಳ್ಳಬೇಕು. ಗಂಡ ಹೆಂಡಿರಲ್ಲಿ ಒಬ್ಬರು ಕಪ್ಪು ವರ್ಣೀಯರಾಗಿದ್ದು ಇನ್ನೊಬ್ಬರು ಭಾರತೀಯರಾಗಿದ್ದರೆ ಈ ಮಾತುಕತೆ ಇನ್ನೂ ಅಗತ್ಯ. ಒಬ್ಬರಿಗೆ ಕಾಣದ ಅಪಾಯ ಇನ್ನೊಬ್ಬರಿಗೆ ದಿನನಿತ್ಯದ್ದಾಗಿರುತ್ತದೆ.

ಒಂದು ಆಯ್ಕೆ, ಕಪ್ಪು ಜನರೇ ಹೆಚ್ಚಾಗಿರುವ ಅನುಕೂಲಸ್ಥ ಬಡಾವಣೆಗಳು. ವಾಷಿಂಗ್ಟನ್‌ಗೆ ಅಂಟಿಕೊಂಡಿರುವ ಮೇರಿಲ್ಯಾಂಡ್‌ನ ಪ್ರಿನ್ಸ್ ಜಾರ್ಜಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಒಂಬತ್ತು ಲಕ್ಷ ಮೀರಿದ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಪಾಲು ಕಪ್ಪು ವರ್ಣೀಯರು. ಬೋವಿ, ಮಿಚೆಲ್‌ವಿಲ್ ಕಡೆ ವಕೀಲರು, ವೈದ್ಯರು, ಕೇಂದ್ರ ಸರ್ಕಾರದ ಅಧಿಕಾರಿಗಳು ಬೀದಿಬೀದಿಯಲ್ಲಿದ್ದಾರೆ. ಅದರ ದಕ್ಷಿಣಕ್ಕಿರುವ ಚಾರ್ಲ್ಸ್ ಕೌಂಟಿಯೂ ಇತ್ತೀಚಿನ ವರ್ಷಗಳಲ್ಲಿ ಇದೇ ಸಾಲಿಗೆ ಬಂದಿದೆ. ಅಟ್ಲಾಂಟಾದ ನೈಋತ್ಯದ ಕ್ಯಾಸ್ಕೇಡ್ ಪ್ರದೇಶದ ಕಥೆಯೂ ಗಮನಾರ್ಹ. 1962ರ ಕೊನೆಯಲ್ಲಿ ಕಪ್ಪು ಜನ ಅತ್ತ ಮನೆ ಕೊಳ್ಳದಂತೆ ತಡೆಯಲು ನಗರಾಡಳಿತವೇ ಪೇಟನ್ ರಸ್ತೆಗೆ ಅಡ್ಡಗಟ್ಟೆ ಹಾಕಿಸಿತ್ತು, ಕೆಲವೇ ತಿಂಗಳಲ್ಲಿ ನ್ಯಾಯಾಲಯ ಅದನ್ನು ತೆಗೆಸಿತು. ಇಂದು ಅದೇ ಸುತ್ತಮುತ್ತ ನಗರದ ಕಪ್ಪು ಗಣ್ಯರ ವಾಸ. ಇಂಥ ಕಡೆ ಮಕ್ಕಳು ತಮ್ಮಂಥವರನ್ನೇ ನ್ಯಾಯಾಧೀಶರಾಗಿ, ಮುಖ್ಯೋಪಾಧ್ಯಾಯರಾಗಿ, ಮೇಯರಾಗಿ ನೋಡುತ್ತ ಬೆಳೆಯುತ್ತಾರೆ. ಇದರ ಬೆಲೆ ಆಸ್ತಿಯ ಮೌಲ್ಯದಲ್ಲಿ ತೆರಬೇಕಾಗುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಇನ್ನೊಂದು, ಬೆರೆತು ಬಾಳಬೇಕೆಂದು ಊರಿನವರೇ ತೀರ್ಮಾನಿಸಿ, ಅದಕ್ಕಾಗಿ ಸಂಸ್ಥೆ ಕಟ್ಟಿಕೊಂಡ ಊರುಗಳು. ಜೂಲಿಯನ್ ಅವರ ಮನೆಗೆ ಬೆಂಕಿಯಿಟ್ಟ ಅದೇ ಓಕ್ ಪಾರ್ಕ್ 1968ರಲ್ಲಿ ವಸತಿ ತಾರತಮ್ಯವನ್ನು ನಿಷೇಧಿಸುವ ಸ್ಥಳೀಯ ಕಾನೂನು ಮಾಡಿತು, 1972ರಲ್ಲಿ ಬಾಡಿಗೆದಾರರನ್ನು ಊರಿನ ಎಲ್ಲ ಭಾಗಗಳಿಗೂ ಹಂಚುವ ಉದ್ದೇಶದ ವಸತಿ ಕೇಂದ್ರವೊಂದು ಅಲ್ಲಿ ಆರಂಭವಾಯಿತು. ಓಹಾಯೊದ ಶೇಕರ್ ಹೈಟ್ಸ್‌ನಲ್ಲಿ 1957ರಲ್ಲೇ ಲಡ್ಲೋ ಬಡಾವಣೆಯ ಕಪ್ಪು, ಬಿಳಿ ಕುಟುಂಬಗಳು ಒಟ್ಟಾಗಿ ಸಂಘ ಕಟ್ಟಿದವು. ಮೇರಿಲ್ಯಾಂಡ್‌ನ ಕೊಲಂಬಿಯಾ, ಫಿಲಡೆಲ್ಫಿಯಾದ ವೆಸ್ಟ್ ಮೌಂಟ್ ಏರಿ, ನ್ಯೂಜೆರ್ಸಿಯ ಮೇಪಲ್‌ವುಡ್ ಮತ್ತು ಸೌತ್ ಆರೆಂಜ್ ಇದೇ ಬಗೆಯವು. ಎರಡು ಜನಾಂಗಗಳು ಕಾಕತಾಳೀಯವಾಗಿ ಒಂದೆಡೆ ಸೇರಿದ ಊರು ಬಹಳ ಸಲ ಒಂದು ತಲೆಮಾರಿನಲ್ಲೇ ಮತ್ತೆ ಒಡೆದುಹೋಗುತ್ತದೆ, ಸಂಸ್ಥೆಯ ಬೆಂಬಲವಿರುವ ಊರು ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ಹೊರಗಿನಿಂದ ಹೊಸದಾಗಿ ಬರುವವರಿಗೆ ನಾನು ಮೊದಲು ಸೂಚಿಸುವುದು ಇಂಥ ಊರುಗಳನ್ನು. ಇವೂ ದೋಷಮುಕ್ತವಲ್ಲ, ಶಾಲಾ ಫಲಿತಾಂಶದಲ್ಲಿ ಕಪ್ಪು, ಬಿಳಿ ಮಕ್ಕಳ ನಡುವಿನ ಅಂತರ ಶೇಕರ್ ಹೈಟ್ಸ್‌ನಲ್ಲಿ ದಶಕಗಳಿಂದ ಚರ್ಚೆಯಲ್ಲಿದೆ.

ಉಳಿದದ್ದು, ಶಾಲೆಯ ರ‍್ಯಾಂಕಿಂಗ್ ಎತ್ತರದಲ್ಲಿರುವ, ಬಿಳಿಯರೂ ಏಷ್ಯನ್ನರೂ ಹೆಚ್ಚಾಗಿರುವ ಹೊಸ ಉಪನಗರಗಳು. ಅಲ್ಲಿಗೆ ಹೋಗಬಾರದೆಂದಲ್ಲ, ಹೋಗುವುದಾದರೆ ಮುಂದಿನ ಹೆಜ್ಜೆಗಳನ್ನು ಒಂದನ್ನೂ ಬಿಡದೆ ಅನುಸರಿಸಬೇಕು.

ಉತ್ತರ, ದಕ್ಷಿಣ ಎಂಬ ಹಳೆಯ ಲೆಕ್ಕವನ್ನು ಬದಿಗಿಡಿ

ಸುಮಾರು 1910ರಿಂದ 1970ರವರೆಗೆ ಅರವತ್ತು ಲಕ್ಷದಷ್ಟು ಕಪ್ಪು ಜನ ದಕ್ಷಿಣದ ರಾಜ್ಯಗಳನ್ನು ತೊರೆದು ಉತ್ತರಕ್ಕೂ ಪಶ್ಚಿಮಕ್ಕೂ ವಲಸೆ ಹೋದರು. 1970ರ ದಶಕದಿಂದೀಚೆಗೆ ಆ ಹರಿವು ತಿರುಗಿದೆ. ಅಟ್ಲಾಂಟಾ, ಹ್ಯೂಸ್ಟನ್, ಡಲ್ಲಾಸ್, ಶಾರ್ಲಟ್‌ಗಳಿಗೆ ಓದಿದ ಕಪ್ಪು ಯುವಕರು ಮರಳುತ್ತಿದ್ದಾರೆ. ಉದಾರವಾದಿ ಎಂದು ಹೆಸರಾದ ಊರುಗಳ ಒಳಲೆಕ್ಕ ನೋಡಿದರೆ ಇದರ ಕಾರಣ ತಿಳಿಯುತ್ತದೆ. ಬಾಸ್ಟನ್ ಮಹಾನಗರದಲ್ಲಿ ಅಮೆರಿಕದಲ್ಲೇ ಹುಟ್ಟಿದ ಕಪ್ಪು ಕುಟುಂಬಗಳ ಮಧ್ಯಮ ನಿವ್ವಳ ಆಸ್ತಿ ಕೇವಲ 8 ಡಾಲರ್, ಬಿಳಿ ಕುಟುಂಬಗಳದ್ದು 2,47,500 ಡಾಲರ್ ಎಂದು ಅಲ್ಲಿನ ಫೆಡರಲ್ ರಿಸರ್ವ್ ಬ್ಯಾಂಕು ಪಾಲ್ಗೊಂಡ 2015ರ ಅಧ್ಯಯನ ತೋರಿಸಿತು. ಮಿನಿಯಾಪೊಲಿಸ್ ಶ್ರೀಮಂತ ನಗರ, ಒಳ್ಳೆಯ ಉದ್ಯಾನಗಳ ನಗರ. 2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಡಿ ಸತ್ತದ್ದು ಅಲ್ಲಿ, ಸ್ವಂತ ಮನೆ ಹೊಂದುವುದರಲ್ಲಿ ಕಪ್ಪು, ಬಿಳಿ ಜನರ ಅಂತರ ದೇಶದಲ್ಲೇ ಅತಿ ಹೆಚ್ಚಿರುವ ನಗರಗಳಲ್ಲೂ ಅದು ಸೇರಿದೆ. ಪೋರ್ಟ್‌ಲ್ಯಾಂಡ್ ಇರುವ ಆರೆಗನ್ ರಾಜ್ಯ 1859ರಲ್ಲಿ ಒಕ್ಕೂಟ ಸೇರಿದಾಗ, ಕಪ್ಪು ಜನ ಅಲ್ಲಿ ಬಂದು ನೆಲೆಸುವುದನ್ನು ಅದರ ಸಂವಿಧಾನವೇ ನಿಷೇಧಿಸಿತ್ತು. ಆ ಸಂವಿಧಾನದಲ್ಲಿ ಉಳಿದಿದ್ದ ಜನಾಂಗೀಯ ಪದಗಳನ್ನು ಪೂರ್ತಿಯಾಗಿ ತೆಗೆದದ್ದು 2002ರಲ್ಲಿ.

ದಕ್ಷಿಣವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. 2020ರ ಫೆಬ್ರುವರಿಯಲ್ಲಿ ಜಾರ್ಜಿಯಾದ ಬ್ರನ್ಸ್‌ವಿಕ್ ಬಳಿ ಓಡಲು ಹೋಗಿದ್ದ 25 ವರ್ಷದ ಅಹ್ಮದ್ ಆರ್ಬರಿಯನ್ನು ಬಡಾವಣೆಯ ನಿವಾಸಿಗಳೇ ಟ್ರಕ್ಕಿನಲ್ಲಿ ಅಟ್ಟಿಸಿಕೊಂಡು ಹೋಗಿ ಗುಂಡಿಟ್ಟು ಕೊಂದರು. ಅಟ್ಲಾಂಟಾ ಇರುವುದೂ ಅದೇ ರಾಜ್ಯದಲ್ಲಿ. ರಾಜ್ಯದ ಹೆಸರಿನಿಂದ ಬಡಾವಣೆಯ ಗುಣ ತಿಳಿಯುವುದಿಲ್ಲ ಎಂಬುದಷ್ಟೇ ಇಲ್ಲಿ ಗ್ರಹಿಸಬೇಕಾದದ್ದು.

ಆ ನೆಲದ ಇತಿಹಾಸ ಓದಿ

ಪಟ್ಟಿಯಲ್ಲಿರುವ ಪ್ರತಿಯೊಂದು ಕೌಂಟಿಯ ಹೆಸರನ್ನೂ ಇಪ್ಪತ್ತನೆಯ ಶತಮಾನದ ಜನಾಂಗೀಯ ಘಟನೆಗಳ ಜೊತೆ ಹುಡುಕಿ ನೋಡಿ. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ನಿಗಮ ನಗರಗಳ ನಕ್ಷೆ ತಯಾರಿಸಿ, ಕಪ್ಪು ಜನರಿರುವ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು ಸಾಲಕ್ಕೆ ಅಪಾಯಕಾರಿ ಎಂದು ಗುರುತಿಸಿತು. ಆ ನಕ್ಷೆಗಳನ್ನು ರಿಚ್ಮಂಡ್ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ಇಟ್ಟಿದೆ. ನೀವು ನೋಡುತ್ತಿರುವ ಬೀದಿ ಅಂದು ಯಾವ ಬಣ್ಣದ್ದಾಗಿತ್ತು ಎಂಬುದನ್ನು ಕೆಲವೇ ನಿಮಿಷಗಳಲ್ಲಿ ತಿಳಿಯಬಹುದು. ಹಳೆಯ ಮನೆಗಳ ಕ್ರಯಪತ್ರದಲ್ಲಿ ‘ಬಿಳಿಯರಲ್ಲದವರಿಗೆ ಮಾರಕೂಡದು’ ಎಂಬ ಷರತ್ತು ಇಂದಿಗೂ ಉಳಿದಿರುವುದುಂಟು. 1948ರಲ್ಲಿ ಸುಪ್ರೀಂ ಕೋರ್ಟು ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ತೀರ್ಪಿತ್ತಿರುವುದರಿಂದ ಕಾನೂನಿನ ದೃಷ್ಟಿಯಲ್ಲಿ ಅದಕ್ಕೆ ಬೆಲೆಯಿಲ್ಲವಾದರೂ, ಊರಿನ ಹಿನ್ನೆಲೆಯನ್ನು ಅದು ಹೇಳುತ್ತದೆ.

ಕನ್ನಡಿಗರು ಚೆನ್ನಾಗಿ ಬಲ್ಲ ಒಂದು ಉದಾಹರಣೆಯನ್ನು ಇಲ್ಲಿ ನೋಡಬೇಕು. ಅಟ್ಲಾಂಟಾದ ಉತ್ತರಕ್ಕಿರುವ ಫೋರ್ಸೈತ್ ಕೌಂಟಿಯಲ್ಲಿ ಇಂದು ಭಾರತೀಯ ಐಟಿ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. 2020ರ ಜನಗಣತಿಯ ಪ್ರಕಾರ ಅಲ್ಲಿನ ಎರಡೂವರೆ ಲಕ್ಷ ಜನರಲ್ಲಿ ಸರಿಸುಮಾರು ಐದರಲ್ಲೊಂದು ಪಾಲು ಏಷ್ಯನ್ನರು. ಕಪ್ಪು ಜನರ ಪಾಲು ಶೇಕಡ ಐದನ್ನೂ ಮುಟ್ಟುವುದಿಲ್ಲ. ಅಟ್ಲಾಂಟಾದಂಥ ನಗರದ ಪಕ್ಕದಲ್ಲಿ ಹೀಗಿರುವುದು ಆಕಸ್ಮಿಕವಲ್ಲ. 1912ರಲ್ಲಿ ಬಿಳಿ ಯುವತಿಯೊಬ್ಬಳ ಕೊಲೆಯ ನಂತರ ಗುಂಪುಗಳು ರಾತ್ರಿ ವೇಳೆ ಮನೆಮನೆಗೆ ದಾಳಿಮಾಡಿ, ಕೌಂಟಿಯಲ್ಲಿದ್ದ ಸುಮಾರು 1,100 ಕಪ್ಪು ಜನರನ್ನು ಬಹುತೇಕ ಪೂರ್ತಿಯಾಗಿ ಓಡಿಸಿದವು. 1987ರ ಜನವರಿಯಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ಹೋಸಿಯಾ ವಿಲಿಯಮ್ಸ್ ಮುಂದಾಳತ್ವದ ಸಣ್ಣ ಮೆರವಣಿಗೆಯ ಮೇಲೆ ಅಲ್ಲಿ ಕಲ್ಲು ತೂರಲಾಯಿತು. ವಾರದ ಬಳಿಕ ಸುಮಾರು ಇಪ್ಪತ್ತು ಸಾವಿರ ಜನ ಅದೇ ಕೌಂಟಿಯಲ್ಲಿ ಮೆರವಣಿಗೆ ನಡೆಸಿದರು. ಇಂದಿನ ಫೋರ್ಸೈತ್ ಅಂದಿನದಲ್ಲ, ಅಲ್ಲಿ ನೆಮ್ಮದಿಯಾಗಿರುವ ಕಪ್ಪು ಕುಟುಂಬಗಳೂ ಇವೆ. ಆದರೆ ‘ನಮಗೇನೂ ತೊಂದರೆಯಾಗಿಲ್ಲ, ನೀವೂ ಬನ್ನಿ’ ಎಂದು ಕಪ್ಪು ಸಹೋದ್ಯೋಗಿಗೆ ಹೇಳುವ ಕನ್ನಡಿಗರು, ತಮಗೆ ಸಿಕ್ಕ ಸ್ವಾಗತ ಅವರಿಗೂ ಸಿಗುತ್ತದೆಂದು ಭರವಸೆ ಕೊಡುವ ಸ್ಥಾನದಲ್ಲಿಲ್ಲ. ಆ ಊರಿನಲ್ಲಿ ವಾಸವಿರುವ ಕಪ್ಪು ಕುಟುಂಬವೊಂದನ್ನು ಪರಿಚಯಿಸಿಕೊಡುವುದು ಹೆಚ್ಚು ಉಪಯುಕ್ತವಾದ ಸಹಾಯ.

ಮನೆಯ ಜೊತೆಗೆ ದಾರಿಯನ್ನೂ ನೋಡಿ

ಪೊಲೀಸರ ಜೊತೆಗಿನ ಒಡನಾಟ ಹೆಚ್ಚಾಗಿ ನಡೆಯುವುದು ಮನೆಯ ಮುಂದಲ್ಲ, ಕಾರಿನಲ್ಲಿ. ಮನೆಯಿಂದ ಆಫೀಸಿಗೆ ಹೋಗುವಾಗ ಎಷ್ಟು ಪುರಸಭೆಗಳ ಗಡಿ ದಾಟುತ್ತೀರಿ ಎಂಬುದನ್ನು ನಕ್ಷೆಯಲ್ಲಿ ಎಣಿಸಿ. ಪ್ರತಿಯೊಂದಕ್ಕೂ ತನ್ನದೇ ಪೊಲೀಸ್ ಇಲಾಖೆ ಇರಬಹುದು, ಸಣ್ಣ ಊರುಗಳಿಗೆ ದಂಡದ ಹಣವೇ ಆದಾಯವಾಗಿರಬಹುದು. ಸೇಂಟ್ ಲೂಯಿಸ್ ಸುತ್ತಮುತ್ತ ಇದು ವಿಪರೀತ. ಅಲ್ಲಿನ ಫರ್ಗುಸನ್ ಎಂಬ ಊರಿನ ಬಗ್ಗೆ ಕೇಂದ್ರ ನ್ಯಾಯ ಇಲಾಖೆ 2015ರಲ್ಲಿ ಕೊಟ್ಟ ವರದಿಯ ಪ್ರಕಾರ, ಜನಸಂಖ್ಯೆಯಲ್ಲಿ ಕಪ್ಪು ಜನರ ಪಾಲು ಶೇ. 67 ಇದ್ದರೆ, ಪೊಲೀಸರು ತಡೆದ ವಾಹನ ಚಾಲಕರಲ್ಲಿ ಅವರ ಪಾಲು ಶೇ. 85, ದಂಡದ ಚೀಟಿ ಪಡೆದವರಲ್ಲಿ ಶೇ. 90, ಬಂಧಿತರಲ್ಲಿ ಶೇ. 93.

ಮಿಸೌರಿ, ಇಲಿನಾಯ್, ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ಪೊಲೀಸರು ಯಾರನ್ನು ತಡೆದರು ಎಂಬ ಲೆಕ್ಕವನ್ನು ಜನಾಂಗವಾರು ಪ್ರಕಟಿಸಬೇಕೆಂಬ ಕಾನೂನಿದೆ. ಅಲ್ಲಿ ಊರಿನ ಹೆಸರು ಹಾಕಿ ನೋಡಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪೊಲೀಸರು ವಾಹನ ತಡೆದ ಇಂಥ ಸುಮಾರು ಹತ್ತು ಕೋಟಿ ಪ್ರಕರಣಗಳನ್ನು ಪರಿಶೀಲಿಸಿ, ಕತ್ತಲಾದ ಮೇಲೆ ತಡೆಯಲ್ಪಟ್ಟವರಲ್ಲಿ ಕಪ್ಪು ಚಾಲಕರ ಪಾಲು ಇಳಿಯುತ್ತದೆ ಎಂಬುದನ್ನು 2020ರಲ್ಲಿ ಪ್ರಕಟಿಸಿದರು. ಕತ್ತಲಲ್ಲಿ ಚಾಲಕರ ಮುಖ ಕಾಣುವುದಿಲ್ಲವಲ್ಲ! ದ್ವೇಷಾಪರಾಧಗಳ ಬಗ್ಗೆ ಎಫ್‌ಬಿಐ ಪ್ರಕಟಿಸುವ ಅಂಕಿಗಳನ್ನು ಮಾತ್ರ ಹುಷಾರಾಗಿ ಓದಬೇಕು. ಸ್ಥಳೀಯ ಪೊಲೀಸರು ಅದಕ್ಕೆ ವರದಿ ಕೊಡುವುದು ಕಡ್ಡಾಯವಲ್ಲವಾದ್ದರಿಂದ, ಸೊನ್ನೆ ಎಂದು ತೋರಿಸುವ ಊರಿನಲ್ಲಿ ಅಪರಾಧವೇ ನಡೆದಿಲ್ಲದಿರಬಹುದು, ಯಾರೂ ಬರೆದುಕೊಳ್ಳದೆಯೂ ಇರಬಹುದು.

ಶಾಲೆ ಮತ್ತು ಆಸ್ಪತ್ರೆ

ಶಾಲೆಗೆ ಹತ್ತಕ್ಕೆ ಒಂಬತ್ತು ಅಂಕ ಸಿಕ್ಕಿದೆ ಎಂಬುದು ನಿಮ್ಮ ಮಗುವಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೇಂದ್ರ ಶಿಕ್ಷಣ ಇಲಾಖೆ ಸಂಗ್ರಹಿಸುವ ನಾಗರಿಕ ಹಕ್ಕುಗಳ ದತ್ತಾಂಶದಲ್ಲಿ ಆ ಶಾಲೆಯನ್ನು ಹುಡುಕಿ: ಕಪ್ಪು ಮಕ್ಕಳನ್ನು ಎಷ್ಟು ಪ್ರಮಾಣದಲ್ಲಿ ಅಮಾನತು ಮಾಡಿದ್ದಾರೆ, ಪ್ರತಿಭಾವಂತರ ತರಗತಿಗಳಿಗೂ ಮುಂದುವರಿದ ಗಣಿತಕ್ಕೂ ಅವರಲ್ಲಿ ಎಷ್ಟು ಮಂದಿ ಸೇರಿದ್ದಾರೆ ಎಂಬುದನ್ನು ಬಿಳಿ ಮಕ್ಕಳ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಶಾಲೆಗೆ ಭೇಟಿ ಕೊಟ್ಟಾಗ ಕಪ್ಪು ಶಿಕ್ಷಕರೆಷ್ಟು ಎಂದು ಕೇಳಲು ಸಂಕೋಚಪಡಬೇಡಿ. ಜಡೆ, ಗುಂಗುರು ಕೂದಲನ್ನು ‘ಅಶಿಸ್ತು’ ಎಂದು ಕರೆಯುವ ಶಾಲೆ, ಕಚೇರಿಗಳ ವಿರುದ್ಧ ಕ್ಯಾಲಿಫೋರ್ನಿಯಾ 2019ರಲ್ಲಿ ಮೊದಲ ಬಾರಿಗೆ ಕಾನೂನು ತಂದಿತು. ಈಗ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಅಂಥ ಕಾನೂನಿದೆ. ನೀವು ಹೋಗುವ ರಾಜ್ಯದಲ್ಲಿದೆಯೇ ನೋಡಿಕೊಳ್ಳಿ.

ಮಗುವನ್ನು ನಿರೀಕ್ಷಿಸುತ್ತಿರುವವರು ಆಸ್ಪತ್ರೆಯನ್ನು ಮನೆಗಿಂತ ಮೊದಲೇ ಆರಿಸಬೇಕು. 2023ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸತ್ತ ಕಪ್ಪು ತಾಯಂದಿರ ಪ್ರಮಾಣ 50.3, ಬಿಳಿಯರದ್ದು 14.5. ಓದು, ಆದಾಯಗಳು ಈ ಅಂತರವನ್ನು ಅಳಿಸುವುದಿಲ್ಲ.

ಏಜೆಂಟರು ಎಲ್ಲಿಗೆ ಕರೆದೊಯ್ಯುತ್ತಾರೆ ಎಂಬುದನ್ನು ಗಮನಿಸಿ

ಬಾಗಿಲು ಮುಚ್ಚಿ ಕಳಿಸುವ ಕಾಲ ಹೋಯಿತು. ಈಗ ನಗುಮುಖದಿಂದಲೇ ಬೇರೆ ಬೀದಿಗೆ ಕರೆದೊಯ್ಯುತ್ತಾರೆ. ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ನ್ಯೂಸ್‌ಡೇ ಪತ್ರಿಕೆ ಮೂರು ವರ್ಷ ಗುಟ್ಟಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ತನಿಖೆಯಲ್ಲಿ, ಒಂದೇ ಬಗೆಯ ಆದಾಯ ಹೇಳಿಕೊಂಡು ಏಜೆಂಟರ ಬಳಿ ಹೋದ ಪರೀಕ್ಷಕರ ಪೈಕಿ ಕಪ್ಪು ವರ್ಣೀಯರಿಗೆ ಶೇ. 49ರಷ್ಟು ಸಲ ಬಿಳಿಯರಿಗಿಂತ ಭಿನ್ನವಾದ ಉಪಚಾರ ಸಿಕ್ಕಿತು. ಹಿಸ್ಪಾನಿಕರಿಗೆ (ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲದವರಿಗೆ) ಈ ಪ್ರಮಾಣ ಶೇ. 39, ಏಷ್ಯನ್ನರಿಗೆ ಶೇ. 19. ಕೊನೆಯ ಅಂಕಿಯನ್ನು ನಮ್ಮವರೂ ಓದಿಕೊಳ್ಳಬೇಕು.

ಆದ್ದರಿಂದ ಏಜೆಂಟರ ಬಳಿ ಹೋಗುವ ಮೊದಲೇ ಬಡಾವಣೆ, ಬೆಲೆ, ಕೋಣೆಗಳ ಸಂಖ್ಯೆಯನ್ನು ಇಮೇಲ್‌ನಲ್ಲಿ ಬರೆದು ಕಳುಹಿಸಿ, ಆ ಮಿತಿಯೊಳಗಿನ ಎಲ್ಲ ಮನೆಗಳ ಪಟ್ಟಿಯನ್ನು ಕೇಳಿ. ಅವರು ಬಿಟ್ಟ ಮನೆಗಳು ಯಾವ ಕಡೆಯವು ಎಂದು ನೀವೇ ತಾಳೆ ನೋಡಿ. ‘ಈ ಮನೆ ಹೋಗಿಬಿಟ್ಟಿದೆ’ ಎಂಬ ಉತ್ತರ ಬಂದರೆ, ಗೆಳೆಯರೊಬ್ಬರಿಂದ ಅದೇ ದಿನ ವಿಚಾರಿಸಿ, ಸಮಯವನ್ನೂ ಮಾತನ್ನೂ ಬರೆದಿಟ್ಟುಕೊಳ್ಳಿ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವಾರದೊಳಗೆ, 1968ರ ಏಪ್ರಿಲ್ 11ರಂದು ಜಾರಿಗೆ ಬಂದ ನ್ಯಾಯಯುತ ವಸತಿ ಕಾಯ್ದೆಯಡಿ ಕೇಂದ್ರ ವಸತಿ ಇಲಾಖೆಗೆ ಒಂದು ವರ್ಷದೊಳಗೆ ದೂರು ಕೊಡಬಹುದು, ಎರಡು ವರ್ಷದೊಳಗೆ ನೇರವಾಗಿ ನ್ಯಾಯಾಲಯಕ್ಕೂ ಹೋಗಬಹುದು. ಮನೆಯ ಒಂದು ಭಾಗವನ್ನಷ್ಟೇ ಬಾಡಿಗೆಗೆ ಕೊಡುವ ಮಾಲೀಕರಿಗೆ ಈ ಕಾಯ್ದೆಯಲ್ಲಿ ಕೆಲವು ವಿನಾಯಿತಿಗಳಿವೆಯಾದರೂ, ಜನಾಂಗದ ವಿಷಯದಲ್ಲಿ 1866ರ ನಾಗರಿಕ ಹಕ್ಕು ಕಾಯ್ದೆ ಅಂಥ ವಿನಾಯಿತಿ ಕೊಡುವುದಿಲ್ಲ. ತಮ್ಮ ನೆಲಮಹಡಿಯನ್ನು ‘ನಮ್ಮವರಿಗೆ ಮಾತ್ರ’ ಎಂದು ಬಾಡಿಗೆಗಿಡುವ ಕನ್ನಡಿಗ ಮಾಲೀಕರು ಇದನ್ನು ತಿಳಿದಿರುವುದು ಒಳ್ಳೆಯದು.

ಸಾಲ ಮತ್ತು ಮೌಲ್ಯಮಾಪನ

ಮನೆ ಕೊಳ್ಳುವವರಿಗೆ ಎಲ್ಲಕ್ಕಿಂತ ಭಾರವಾಗಿ ಬೀಳುವ ನಷ್ಟ ಇಲ್ಲಿಯದು. ಅಮೆರಿಕದ ಬಿಳಿ ಕುಟುಂಬಗಳಲ್ಲಿ ನೂರಕ್ಕೆ ಸುಮಾರು 74 ಸ್ವಂತ ಮನೆಯಲ್ಲಿದ್ದರೆ, ಕಪ್ಪು ಕುಟುಂಬಗಳಲ್ಲಿ ಸುಮಾರು 45. ಕೊಂಡವರಿಗೂ ಲಾಭ ಸಮನಾಗಿ ಸಿಗುವುದಿಲ್ಲ: ಮನೆಯ ಗುಣಮಟ್ಟವನ್ನೂ ಸೌಕರ್ಯಗಳನ್ನೂ ಸರಿಹೊಂದಿಸಿ ಲೆಕ್ಕ ಹಾಕಿದ ಮೇಲೂ, ಕಪ್ಪು ಬಡಾವಣೆಯ ಮನೆಗೆ ಶೇ. 23ರಷ್ಟು, ಅಂದರೆ ಸರಾಸರಿ 48,000 ಡಾಲರ್ ಕಡಿಮೆ ಬೆಲೆ ಕಟ್ಟಲಾಗುತ್ತದೆ ಎಂದು ಬ್ರೂಕಿಂಗ್ಸ್ ಸಂಸ್ಥೆಯ 2018ರ ಅಧ್ಯಯನ ಹೇಳಿತು. ಕ್ಯಾಲಿಫೋರ್ನಿಯಾದ ಮರಿನ್ ಸಿಟಿಯ ಕಪ್ಪು ದಂಪತಿಯ ಮನೆಗೆ 2020ರಲ್ಲಿ ಮೌಲ್ಯಮಾಪಕರು ಸುಮಾರು ಹತ್ತು ಲಕ್ಷ ಡಾಲರ್ ಬೆಲೆ ಕಟ್ಟಿದರು. ತಮ್ಮ ಕುಟುಂಬದ ಫೋಟೋಗಳನ್ನೆಲ್ಲ ತೆಗೆದು, ಬಿಳಿಯ ಗೆಳತಿಯೊಬ್ಬರನ್ನು ಮನೆಯಲ್ಲಿ ಕೂರಿಸಿ ಅವರು ಮತ್ತೊಮ್ಮೆ ಮೌಲ್ಯಮಾಪನ ಮಾಡಿಸಿದಾಗ ಅದೇ ಮನೆಯ ಬೆಲೆ 14.8 ಲಕ್ಷ ದಾಟಿತು. ಅವರು ಹೂಡಿದ ಮೊಕದ್ದಮೆ 2023ರಲ್ಲಿ ರಾಜಿಯಲ್ಲಿ ಮುಗಿಯಿತು.

ಸಾಲಕ್ಕೆ ಒಂದೇ ಬ್ಯಾಂಕನ್ನು ನಂಬಿ ಕೂರಬೇಡಿ. ಕನಿಷ್ಠ ಮೂರು ಕಡೆಯಿಂದ, ಅವುಗಳಲ್ಲೊಂದು ಕ್ರೆಡಿಟ್ ಯೂನಿಯನ್ (ಸದಸ್ಯರೇ ಒಡೆಯರಾದ ಸಹಕಾರಿ ಸಾಲ ಸಂಸ್ಥೆ) ಇರಲಿ, ಬಡ್ಡಿ ದರವನ್ನು ಬರಹದಲ್ಲಿ ಪಡೆಯಿರಿ. 2008ರ ಆರ್ಥಿಕ ಬಿಕ್ಕಟ್ಟಿಗೆ ಮುನ್ನ ಅರ್ಹತೆಯಿದ್ದ ಕಪ್ಪು ಮತ್ತು ಹಿಸ್ಪಾನಿಕ ಗ್ರಾಹಕರಿಗೂ ದುಬಾರಿ ಸಾಲ ಹೊರಿಸಿದ ಆರೋಪದ ಮೇಲೆ ಕಂಟ್ರಿವೈಡ್ ಎಂಬ ಗೃಹಸಾಲ ಕಂಪನಿ 2011ರಲ್ಲಿ 33.5 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು. ಆ ಕಾಲದಲ್ಲಿ ಮನೆ ಕಳೆದುಕೊಂಡವರಲ್ಲಿ ಮೇಲೆ ಹೇಳಿದ ಪ್ರಿನ್ಸ್ ಜಾರ್ಜಸ್ ಕೌಂಟಿಯ ಒಳ್ಳೆಯ ಸಂಬಳದವರೂ ಬಹಳ ಮಂದಿ ಇದ್ದರು. ಮೌಲ್ಯಮಾಪನ ಕಡಿಮೆ ಬಂದರೆ ಮರುಪರಿಶೀಲನೆ ಕೋರಿ ಬ್ಯಾಂಕಿಗೆ ಬರೆಯಬಹುದು. ಪಕ್ಕದ ಬೀದಿಗಳಲ್ಲಿ ಈಚೆಗೆ ಮಾರಾಟವಾದ ಅಂಥದೇ ಮನೆಗಳ ಬೆಲೆಯನ್ನು ಆ ಪತ್ರಕ್ಕೆ ಲಗತ್ತಿಸಿ. ಕಪ್ಪು ಬಡಾವಣೆಯಲ್ಲಿ ಕೊಳ್ಳಲೇಬಾರದು ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಮಕ್ಕಳು ಅಂಜಿಕೆಯಿಲ್ಲದೆ ಬೀದಿಯಲ್ಲಿ ಆಡುವುದಕ್ಕೆ ಅಷ್ಟು ಹಣ ತೆತ್ತರೂ ಸರಿ ಎನ್ನುವ ಕುಟುಂಬಗಳ ನಿರ್ಧಾರವನ್ನು ನಾನು ಗೌರವಿಸುತ್ತೇನೆ, ಆದರೆ ಆ ಲೆಕ್ಕವನ್ನು ಕೊಳ್ಳುವ ಮೊದಲು ಮಾಡಿರಬೇಕು.

ಹೋಗಿ ನೋಡುವುದು, ಬಾಡಿಗೆಗಿದ್ದು ನೋಡುವುದು

ಆಫೀಸಿನವರು ವಿಮಾನದಲ್ಲಿ ಕರೆಸಿ ತೋರಿಸುವ ಊರು ಹಗಲಿನದು. ಶನಿವಾರ ಬೆಳಿಗ್ಗೆ ಅಂಗಡಿ ಬೀದಿಯಲ್ಲಿ, ಭಾನುವಾರ ಚರ್ಚು ಬಿಡುವ ಹೊತ್ತಿಗೆ, ಕೆಲಸದ ದಿನ ರಾತ್ರಿ ಎಂಟರ ಮೇಲೆ ಆ ಬಡಾವಣೆಯಲ್ಲಿ ನಡೆದಾಡಿ. ಕಪ್ಪು ಜನರ ಕೂದಲು ಕತ್ತರಿಸಲು ಬಲ್ಲ ಕ್ಷೌರಿಕರು ಎಷ್ಟು ದೂರದಲ್ಲಿದ್ದಾರೆ ಎಂದು ವಿಚಾರಿಸಿ. ಆ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಊರಿನ ಪೊಲೀಸರ ಬಗ್ಗೆ, ಶಾಲೆಯ ಬಗ್ಗೆ, ಮನೆ ಮಾಲೀಕರ ಸಂಘದ ಬಗ್ಗೆ ಯಾವ ವರದಿಯಲ್ಲೂ ಇಲ್ಲದ ಸಂಗತಿಗಳು ತಿಳಿಯುತ್ತವೆ. ಕಪ್ಪು ವೃತ್ತಿಪರರ ಸಂಘಗಳ ಸ್ಥಳೀಯ ಶಾಖೆಗಳೂ ಹೊಸಬರಿಗೆ ಮಾತಾಡಲು ಸಿಗುತ್ತವೆ. ಗೇಟಿನ ಬಡಾವಣೆಯಾದರೆ ಕಾವಲು ಯಾರ ಕೈಯಲ್ಲಿದೆ ಎಂದು ಕೇಳಿ. 2012ರಲ್ಲಿ ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ ಹದಿನೇಳರ ಹುಡುಗ ಟ್ರೇವನ್ ಮಾರ್ಟಿನ್‌ನನ್ನು ಗುಂಡಿಟ್ಟು ಕೊಂದದ್ದು ಅಂಥದೇ ಬಡಾವಣೆಯ ಸ್ವಯಂಸೇವಕ ಕಾವಲುಗಾರ. ಅಲ್ಲಿನ ನಿವಾಸಿಗಳ ಆನ್‌ಲೈನ್ ಗುಂಪಿನಲ್ಲಿ ‘ಅನುಮಾನಾಸ್ಪದ ವ್ಯಕ್ತಿ’ ಎಂಬ ಮಾತು ಎಷ್ಟು ಸಲ, ಯಾರ ಬಗ್ಗೆ ಬರುತ್ತದೆ ಎಂಬುದನ್ನು ಪರಿಚಯದವರ ಮೂಲಕ ನೋಡಲಾದರೆ ನೋಡಿ.

ಇಷ್ಟೆಲ್ಲ ಆದ ಮೇಲೂ ಮೊದಲ ವರ್ಷ ಬಾಡಿಗೆ ಮನೆಯೇ ಸರಿ. ಸ್ಥಳಾಂತರದ ಭತ್ಯೆಯನ್ನು ಮಾತಾಡುವಾಗಲೇ ತಾತ್ಕಾಲಿಕ ವಸತಿಗೆ ಹೆಚ್ಚು ತಿಂಗಳು ಕೇಳಿ, ವಾರಕ್ಕೆ ಕೆಲವು ದಿನ ಮನೆಯಿಂದ ದುಡಿಯುವ ಅವಕಾಶ ಬರಹದಲ್ಲಿದ್ದರೆ ಹುಡುಕಾಟದ ವ್ಯಾಪ್ತಿಯೂ ಹಿಗ್ಗುತ್ತದೆ. ದಕ್ಷಿಣದ ಅನೇಕ ಶಾಲೆಗಳು ಆಗಸ್ಟ್ ಮೊದಲ ವಾರಗಳಲ್ಲೇ ತೆರೆಯುತ್ತವೆ, ಈಶಾನ್ಯದಲ್ಲಿ ಸೆಪ್ಟೆಂಬರಿನಲ್ಲಿ. ಬಾಡಿಗೆ ಕರಾರು ಜೂನ್ ಕೊನೆಗೆ ಮುಗಿಯುವಂತೆ ಬರೆಸಿಕೊಂಡರೆ, ಊರು ಒಗ್ಗದಿದ್ದಲ್ಲಿ ಮಕ್ಕಳ ಶಾಲೆ ಕೆಡದಂತೆ ಬೇರೆ ಕಡೆಗೆ ಹೊರಡಬಹುದು.